ಮಾಲ್ಡೀವ್ಸ್ ರತ್ನಗಂಬಳಿ

ವೈಕುಂಠ ಸಮಾರಾಧನೆಯ ಮರುದಿನ ಬೆಳಿಗ್ಗೆ ಕಸದ ಗಾಡಿ ತನ್ನ ಹಾಡು ಹಾಕಿಕೊಂಡು ಬಂತು. ಬಾಳೆಲೆಗಳನ್ನೆಲ್ಲ ಒಂದೇ ಚೀಲಕ್ಕೆ ತುರುಕಿದ್ದೇನೆಂದು ಗಾಡಿಯವಳು ನನ್ನನ್ನು ಬೈದಳು. ನನ್ನ ಗಂಡ ಸುದರ್ಶನ ಸತ್ತ ಮೇಲೆ ನನ್ನನ್ನು ಬೈದ ಮೊದಲ ವ್ಯಕ್ತಿ ಅವಳು. ಉಳಿದವರೆಲ್ಲ ಮೆಲುದನಿಯಲ್ಲಿ ಮಾತಾಡುತ್ತಿದ್ದರು. ನನಗೆ ಸಮಾಧಾನವಾಯಿತು.

ಸುದರ್ಶನ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ. ಒಂದು ಮಧ್ಯಾಹ್ನ ಅಲ್ಲಿನ ಮೆಟ್ಟಿಲ ಮೇಲೆ ಕುಸಿದ. ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು. ಆ ವಿಷಯ ಇಷ್ಟೇ.

ನೆಂಟರು ಹಿಂದಿನ ಸಂಜೆಯೇ ಉಳಿದ ಲಾಡು ಕಟ್ಟಿಸಿಕೊಂಡು ಹೊರಟುಹೋಗಿದ್ದರು. ಅಡುಗೆಯ ದೊಡ್ಡ ಪಾತ್ರೆಗಳನ್ನು ಅಟ್ಟಕ್ಕೆ ಸೇರಿಸಬೇಕಿತ್ತು. ಅಟ್ಟದಲ್ಲಿ ಜಾಗವಿರಲಿಲ್ಲ. ಹಳೆಯ ಬೆಡ್‌ಶೀಟ್ ಸುತ್ತಿ ಸೆಣಬಿನ ಹಗ್ಗ ಬಿಗಿದ, ಆಳುದ್ದಕ್ಕಿಂತ ಉದ್ದದ ಒಂದು ಸುರುಳಿ ಅಲ್ಲಿ ಮಲಗಿತ್ತು. ಅದನ್ನು ಕೆಳಗಿಳಿಸಿದ್ದೇ ತಡ, ನಮ್ಮ ಅತ್ತೆ ವೇದಾವತಮ್ಮ ಎರಡೂ ಕೈಯಿಂದ ಅದನ್ನು ಸವರಿದರು.

"ಪ್ರಿಯಂವದಾ, ಇದು ಸುದರ್ಶನ ಮಾಲ್ಡೀವ್ಸಿಂದ ತಂದಿದ್ದು ಕಣೇ. 'ಅಲ್ಲಿಂದ ತಂದಿದ್ದಮ್ಮ, ಮುಟ್ಬೇಡ, ಸಮಯ ನೋಡಿ ಬಿಚ್ತೀನಿ' ಅಂದಿದ್ದ. ಪಾಪ, ಒಳ್ಳೇ ಸಮಯ ಬರೋದರೊಳಗೆ..."

"ಏನಿರಬಹುದು ಅತ್ತೆ?"

"ಇನ್ನೇನು, ಜಮಖಾನ. ಮೂಸಿ ನೋಡು, ಸಮುದ್ರದ ವಾಸನೆ."

ಮೂಸಿದೆ. ಎಣ್ಣೆ ಬಣ್ಣದ ವಾಸನೆ. ಅವರು ಪಕ್ಕದ ಮನೆಯ ಶಕುಂತಲಮ್ಮನನ್ನು ಕರೆಯಲು ಹೋದಾಗ ಬೆಡ್‌ಶೀಟಿನ ಅಂಚು ಸರಿಸಿ ನೋಡಿದೆ. ತಿಳಿನೀಲಿ ಆಕಾಶ, ಅದರಲ್ಲಿ ಒಂದು ತೆಂಗಿನ ಗರಿಯ ತುದಿ. ನನಗೆ ಪರಿಚಯವಿದ್ದ ಗರಿ. ಅಂಚನ್ನು ಮತ್ತೆ ಬಿಗಿಯಾಗಿ ಸಿಕ್ಕಿಸಿದೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸುದರ್ಶನ ಮತ್ತು ಅವನ ಶಾಲೆಯ ಕಾಲದ ಸ್ನೇಹಿತ ಅಕ್ರಂ, ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜ್ ಇಟ್ಟಿರುವವನು, ಈ ವರ್ಷ ವಿದೇಶ ಪ್ರವಾಸ ಹೊರಟರು. ಮೊದಲು ಶ್ರೀಲಂಕಾ, ಕೊನೆಯ ದಿನಗಳಿಗೆ ಮಾಲ್ಡೀವ್ಸ್. ಶಿವಮೊಗ್ಗದ ಗೋಪಾಳದ ನಮ್ಮ ಬೀದಿಯಿಂದ ಅದಕ್ಕೆ ಮೊದಲು ಯಾರೂ ಮಾಲ್ಡೀವ್ಸಿಗೆ ಹೋಗಿರಲಿಲ್ಲ. ನಿವಾಸಿಗಳ ಸಂಘದ ಅಧ್ಯಕ್ಷ ನಾಗೇಶ್ ಬೀದಿಯ ಬಾಯಲ್ಲಿ ಫ್ಲೆಕ್ಸ್ ಹಾಕಿಸಿದರು. ಅದರಲ್ಲಿ ಶ್ರೀಲಂಕಾದ ಹೆಸರಿರಲಿಲ್ಲ. "ಲಂಕೆ ನಮಗೆಲ್ಲ ಗೊತ್ತಿರೋದೇ, ಹನುಮಂತನೇ ಹೋಗಿ ಬಂದಿದ್ದಾನೆ" ಎಂಬುದು ನಾಗೇಶರ ವಾದ. ಮಾಲ್ಡೀವ್ಸ್ ಮಾತ್ರ ದಪ್ಪ ಅಕ್ಷರದಲ್ಲಿ, ಸುದರ್ಶನನ ಮುಖಕ್ಕಿಂತ ದೊಡ್ಡದಾಗಿತ್ತು.

ಕೊನೆಯ ದಿನಗಳ ಫೋಟೋಗಳು ಬೀದಿಯ ವಾಟ್ಸಾಪ್ ಗುಂಪಿಗೆ ಬಂದವು. ಸಮುದ್ರ, ದೋಣಿ, ತೆಂಗಿನ ಮರ, ಹೂವಿನ ಅಂಗಿಯಲ್ಲಿ ಸುದರ್ಶನ, ಕಪ್ಪು ಕನ್ನಡಕದಲ್ಲಿ ಅಕ್ರಂ. ಎಲ್ಲರೂ ಅಂಗಿ ನೋಡಿದರು. ನಾನು ಆಕಾಶ ನೋಡಿದೆ. ಮೋಡಕ್ಕಿಂತ ಸ್ವಲ್ಪ ಮೇಲೆ ನನ್ನ ಗಂಡನ ನೆರಳು ಬಿದ್ದಿತ್ತು. ಬೋಳಾಗುತ್ತಿದ್ದ ತಲೆ, ಎರಡು ಕಿವಿ, ಎಲ್ಲ ಸ್ಪಷ್ಟ. ಆಕಾಶದ ಮೇಲೆ ನೆರಳು ಬೀಳುವಷ್ಟು ಎತ್ತರದ ಮನುಷ್ಯ ಅವನಲ್ಲ.

ಅದೇ ದಿನಗಳಲ್ಲಿ ಅವನು ಅತ್ತೆಗೆ ಫೋನ್ ಮಾಡಿದಾಗ ಹಿಂದಿನಿಂದ ದೀರ್ಘವಾದ ಕೂಗು ಕೇಳಿಸಿತು. ಅದೇನೋ ಎಂದು ಅತ್ತೆ ಕೇಳಿದರು. "ಹಡಗಮ್ಮ" ಎಂದ. ಹಡಗಿನ ಕೂಗನ್ನು ಕಿವಿಯಾರೆ ಕೇಳಿದ ಬೀದಿಯ ಏಕೈಕ ಮಹಿಳೆ ಎಂಬ ಗೌರವ ಅತ್ತೆಗೆ ಅಂದಿನಿಂದ ಸಂದಿದೆ. ನಾನು ಎಂ.ಎ.ಗೆ ಓಡಾಡಿದ್ದು ರೈಲಿನಲ್ಲಿ. ರೈಲಿನ ಕೂಗು ನನಗೆ ಗೊತ್ತು. ನಾನು ಏನೂ ಹೇಳಲಿಲ್ಲ. ಊರಿಗೆ ಬಂದ ಮೇಲೆ ಸುದರ್ಶನನೂ ಏನೂ ಹೇಳಲಿಲ್ಲ. ಎರಡು ಮೂರು ಸಲ ಅಟ್ಟದ ಕಡೆ ನೋಡಿ ಗಂಟಲು ಸರಿ ಮಾಡಿಕೊಂಡು, "ಸಾರಿಗೆ ಉಪ್ಪು ಸರಿಯಾಗಿದೆ" ಎಂದಿದ್ದ.

ಶಕುಂತಲಮ್ಮ ಬಂದವರೇ ಸುರುಳಿಗೆ ಕೈಮುಗಿದರು.

"ಅಯ್ಯೋ, ಎಷ್ಟು ಭಾರ ಇದೆ ಮಾರಾಯ್ತಿ! ನಮ್ಮ ಕಡೆಯ ಜಮಖಾನ ಇಷ್ಟು ಭಾರ ಇರಲ್ಲ. ಇದು ಕಾರ್ಪೆಟ್ಟೇ. ಮೂಸಿದ್ರೆ ಉಪ್ಪುಪ್ಪು."

"ನಾನೂ ಅದನ್ನೇ ಅಂದೆ" ಎಂದರು ಅತ್ತೆ.

ತಿಂಡಿಯ ಹೊತ್ತಿಗೆ ಜಮಖಾನ ಕಾರ್ಪೆಟ್ ಆಗಿತ್ತು. ಹತ್ತು ಗಂಟೆಗೆ ನಾಗೇಶ್ ಬಂದು ಅದನ್ನು ರತ್ನಗಂಬಳಿ ಮಾಡಿದರು. ಭಾನುವಾರ ಸಂಘದ ಭವನದಲ್ಲಿ ಶ್ರದ್ಧಾಂಜಲಿ ಸಭೆ ಇತ್ತು. ವೇದಿಕೆಯ ಮೇಲೆ ಏನು ಹಾಸುವುದೆಂಬುದು ಅವರ ಚಿಂತೆಯಾಗಿತ್ತು. ಅತ್ತೆ ಎರಡನೇ ಮಾತಿಲ್ಲದೆ, "ಸಂಘಕ್ಕೇ ಕೊಟ್ಟೆ ಕಣಪ್ಪ, ಅವನ ಹೆಸರಲ್ಲಿ. ಎಲ್ಲರೆದುರೇ ಬಿಚ್ಚಿ ಹಾಸಿ" ಎಂದುಬಿಟ್ಟರು.

ನಾಗೇಶ್ ಅಲ್ಲೇ ನಿಂತು ಫ್ಲೆಕ್ಸಿನವನಿಗೆ ಫೋನ್ ಮಾಡಿದರು. "ಬರ್ಕೋ. ದಿವಂಗತ ಸುದರ್ಶನರ ಮಾಲ್ಡೀವ್ಸ್ ರತ್ನಗಂಬಳಿಯ ಲೋಕಾರ್ಪಣೆ. ರತ್ನಗಂಬಳಿ ದಪ್ಪಕ್ಷರ. ದಿವಂಗತ ಸಣ್ಣಕ್ಷರ."

ಭಾನುವಾರ ನಡೆಯಲಿರುವುದನ್ನು ನಾನು ಮನಸ್ಸಿನಲ್ಲೇ ಒಮ್ಮೆ ನಡೆಸಿ ನೋಡಿದೆ. ಹಗ್ಗ ಬಿಚ್ಚುತ್ತಾರೆ. ಇಡೀ ಬೀದಿಯ ಎದುರು ಸಮುದ್ರ, ದೋಣಿ, ತೆಂಗಿನ ಮರ ಒಂದೊಂದಾಗಿ ಉರುಳಿಕೊಂಡು ಬರುತ್ತವೆ. ಎಲ್ಲರ ಮೊಬೈಲಿನಲ್ಲೂ ಆ ಫೋಟೋಗಳಿವೆ. ಮಗ ಫಾರಿನ್ ನೋಡಿ ಸತ್ತ ಎಂಬ ಒಂದೇ ಮಾತನ್ನು ಹಿಡಿದುಕೊಂಡು ಇಷ್ಟು ದಿನ ಊಟ ಮಾಡಿದ ನಮ್ಮ ಅತ್ತೆ ಮೊದಲ ಸಾಲಿನಲ್ಲಿ ಕುಳಿತಿರುತ್ತಾರೆ.

ಸುರುಳಿ ಭಾನುವಾರದೊಳಗೆ ಮನೆಯಿಂದ ಹೋಗಬೇಕಿತ್ತು. ಎಲ್ಲಿಗೆ ಎನ್ನುವುದೇ ಗೊತ್ತಿರಲಿಲ್ಲ.

ಆ ಹೊತ್ತಿಗೆ ಕೃಷ್ಣಪ್ಪನವರು ಗೇಟು ತೆರೆದರು. ಅವರು ತೆರಿಗೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರ್. ನಿವೃತ್ತಿಯ ಸುದ್ದಿ ಇಲಾಖೆಗೆ ಮಾತ್ರ ತಲುಪಿದೆ, ಅವರಿಗೆ ಇನ್ನೂ ತಲುಪಿಲ್ಲ. ಸುರುಳಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, "ಡ್ಯೂಟಿ ಕಟ್ಟಿದಾರೋ?" ಎಂದರು.

"ಎಂಥ ಡ್ಯೂಟಿ?" ಎಂದರು ಅತ್ತೆ.

"ವಿದೇಶಿ ವಸ್ತು, ವೇದಾವತಮ್ಮ. ಕಸ್ಟಮ್ಸ್‌ಗೆ ತೋರಿಸ್ದೆ ಸಾರ್ವಜನಿಕವಾಗಿ ಬಿಚ್ಚಿದ್ರೆ ಅಪರಾಧ. ಅಧ್ಯಕ್ಷರ ಮೇಲೂ ಕೇಸಾಗುತ್ತೆ."

ನಾಗೇಶ್ ಸುರುಳಿಯ ಮೇಲಿಟ್ಟಿದ್ದ ಕೈಯನ್ನು ತೆಗೆದು ಜೇಬಿಗೆ ಹಾಕಿಕೊಂಡರು.

"ಸತ್ತವನ ಮೇಲೆ ಎಂಥ ಕೇಸು ಕೃಷ್ಣಪ್ಪ?" ಶಕುಂತಲಮ್ಮನಿಗೆ ಸಿಟ್ಟು ಬಂತು. "ನೀವು ಎದುರಿಗೆ ಸಿಕ್ಕದಂತೆ ನೋಡ್ಕೊಂಡೇ ಓಡಾಡ್ಬೇಕು ಮಾರಾಯ್ರೆ."

"ಸತ್ತವರ ಮೇಲೆ ಅಲ್ಲ. ವಸ್ತು ಯಾರ ವಶದಲ್ಲಿದೆಯೋ ಅವರ ಮೇಲೆ." ಅವರು ನನ್ನನ್ನು ನೋಡಿದರು.

ಆಗಲೇ ಅಕ್ರಂ ಒಳಗೆ ಕಾಲಿಟ್ಟ. ಜಗಲಿಯ ಮೇಲೆ ಸುರುಳಿಯನ್ನು ಕಂಡು ಗೇಟಿನಲ್ಲೇ ನಿಂತುಬಿಟ್ಟ. ಅವನ ಬಣ್ಣ ಹೇಗೆ ಹೋಯಿತೆಂದರೆ, ಅತ್ತೆ ಅದನ್ನು ದುಃಖವೆಂದು ತಿಳಿದು, "ನೋಡಪ್ಪ ಅಕ್ರಂ, ನಿಮ್ಮಿಬ್ಬರ ರತ್ನಗಂಬಳಿ" ಎಂದು ಕಣ್ಣೊರೆಸಿಕೊಂಡರು.

"ಯಾ ಅಲ್ಲಾ" ಎಂದ ಅಕ್ರಂ.

ಕಾಫಿಯ ನೆಪ ಮಾಡಿ ಅವನನ್ನು ಹಿತ್ತಲಿಗೆ ಕರೆದೆ.

"ಯಾವ ಊರಿನ ಸಮುದ್ರ ಅದು?" ಎಂದೆ.

ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತ. "ನಿಮಗೆ ಗೊತ್ತಾ ಭಾಭಿ?"

"ನೆರಳು ಗೊತ್ತು. ಊರು ಗೊತ್ತಿಲ್ಲ."

"ಭದ್ರಾವತಿ" ಎಂದ. "ನಮ್ಮ ಚಿಕ್ಕಮ್ಮ, ವಜೀರಾ ಖಾಲಾದು ಫೋಟೋ ಸ್ಟುಡಿಯೋ. ಮುಂಚೆ ಕಾರ್ಖಾನೆಯವರೆಲ್ಲ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಬಂದು ಸಮುದ್ರ ಬರೆದಿರೋ ಆ ಪರದೆ ಮುಂದೇನೇ ಫೋಟೋ ತೆಗೆಸ್ಕೋತಿದ್ರು. ಅರ್ಧ ಭದ್ರಾವತಿ ಮಾಲ್ಡೀವ್ಸ್ ನೋಡಿದೆ ಭಾಭಿ."

"ಕೊಲಂಬೋಗಾದರೂ ಹೋಗಿದ್ದಿರಾ?"

"ಅಮ್ಮೀ ಕಸಂ, ಹೋಗಿದ್ವಿ! ಅಲ್ಲಿಂದ ಮಾಲ್ಡೀವ್ಸಿನ ಮಾಲೆಗೆ ಶುಕ್ರವಾರದ ವಿಮಾನ. ಟಿಕೆಟ್‌ನಲ್ಲಿ ಸೊನ್ನೆ ಸೊನ್ನೆ ಮೂವತ್ತು, ಅಂದ್ರೆ ನಡುರಾತ್ರಿ ಹನ್ನೆರಡೂವರೆ. ನಾನು ಹೇಳ್ದೆ, ನಮ್ಮಲ್ಲಿ ಸೂರ್ಯ ಮುಳುಗಿದ್ರೆ ಮುಂದಿನ ದಿನ ಶುರು, ಗುರುವಾರ ಸಂಜೆ ಮಗ್ರಿಬ್ ನಮಾಜ್ ಆದ್ರೆ ಜುಮ್ಮಾ, ಅಂದ್ರೆ ಶುಕ್ರವಾರದ ರಾತ್ರಿ ಬಂದ ಹಾಗೆ, ಈಗ್ಲೇ ಹೋಗೋಣ ನಡಿ ಅಂತ. ಅವನು ಮಂಚದ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು, 'ಸೂರ್ಯೋದಯ ಆಗ್ದೆ ವಾರ ಹೇಗೆ ಬದಲಾಗುತ್ತೋ? ಇನ್ನೂ ಗುರುವಾರವೇ, ನಾಳೆ ರಾತ್ರಿ ಹೋಗೋದು, ಮಲ್ಕೋ' ಅಂದ."

ನನ್ನ ಮಾವ ಪಂಚಾಂಗ ಬರೆಯುತ್ತಿದ್ದವರು. ಬೀದಿಯಲ್ಲಿ ಬೋರ್‌ವೆಲ್ ತೋಡಿಸುವವರೂ ಸುದರ್ಶನನನ್ನು ಕೇಳಿಯೇ ದಿನ ಇಡುತ್ತಿದ್ದರು.

"ನೀವು ಒಪ್ಪಿಕೊಂಡಿರಾ?"

"ತಾರೀಖಿನ ವಿಷಯದಲ್ಲಿ ಪಂಚಾಂಗದ ಮನೆಯವನ ಮುಂದೆ ಗ್ಯಾರೇಜಿನವನು ಏನು ಹೇಳ್ಲಿ ಭಾಭಿ? ಮಾರನೇ ರಾತ್ರಿ ಇಸ್ತ್ರಿ ಬಟ್ಟೆ ಹಾಕ್ಕೊಂಡು ಹೋದ್ವಿ. ಕೌಂಟರಿನ ಹುಡುಗಿ ವಿಮಾನ ಹೋಗಿ ಒಂದು ದಿನ ಆಯ್ತು ಅಂದ್ಲು. ಇವನು ಅವಳ ಜೊತೆ ವಾದಕ್ಕೆ ನಿಂತ. 'ಮೇಡಂ, ವಿತೌಟ್ ಸನ್‌ರೈಸ್, ಹೌ ಫ್ರೈಡೇ?' ಹಿಂದೆ ಸಾಲು ಬೆಳೀತಾ ಹೋಯ್ತು. ಮುಂದಿನ ಟಿಕೆಟ್ಟೆಲ್ಲ ಅದರ ಜೊತೆಗೇ ರದ್ದು."

ಅವರು ಬೆಂಗಳೂರಿಗೆ ಬಂದು ಶಿವಮೊಗ್ಗದ ರೈಲು ಹತ್ತಿದರು. ರೈಲು ಭದ್ರಾವತಿ ತಲುಪಿದಾಗ ಸುದರ್ಶನನಿಗೆ ಫ್ಲೆಕ್ಸ್ ನೆನಪಾಯಿತು. ಚೀಲ ಎತ್ತಿಕೊಂಡು ಇಳಿದುಬಿಟ್ಟ. ಪ್ರವಾಸದ ಕೊನೆಯ ದಿನಗಳನ್ನು ಅವರು ವಜೀರಾ ಖಾಲಾರ ಸ್ಟುಡಿಯೋ ಹಿಂದಿನ ಕೋಣೆಯಲ್ಲಿ ಕಳೆದರು. ಇಡ್ಲಿ ತಿನ್ನಲು ಮಾತ್ರ, ಟೋಪಿ ಹಾಕಿಕೊಂಡು, ತಮಿಳಮ್ಮನ ಅಂಗಡಿಗೆ ಹೋಗುತ್ತಿದ್ದರು. "ಎಂದ ಊರು ಸಾರ್?" ಎಂದು ಆಕೆ ತಮಿಳಿನಲ್ಲಿ ಯಾವ ಊರೆಂದು ಕೇಳಿದ್ದಕ್ಕೆ ಸುದರ್ಶನ ಗಂಭೀರವಾಗಿ "ಮಾಲೆ" ಎಂದನಂತೆ. ಆಕೆ ಇನ್ನೊಂದು ಸೌಟು ಸಾಂಬಾರು ಹಾಕಿದಳಂತೆ.

"ಪರದೆ ಮನೆಗೆ ಯಾಕೆ ತಂದರು?"

"ಅದೊಂದು ನಂಗೂ ಹೇಳಲಿಲ್ಲ. ಖಾಲಾ ಹತ್ರ ಕೇಳಿ ಇಸ್ಕೊಂಡ. ಎರಡು ದಿನದಲ್ಲಿ ವಾಪಸ್ ಅಂದಿದ್ದ. ಇರೋದು ಅದೊಂದೇ ಪರದೆ ಅವಳ ಹತ್ರ. ನಾನು ಇವತ್ತು ಬಂದಿದ್ದೇ ಅದನ್ನ ಹೇಗೆ ಕೇಳೋದು ಅಂತ ಯೋಚನೆ ಮಾಡ್ಕೊಂಡು."

ಎಲ್ಲಿಗೆ ಎನ್ನುವುದು ಈಗ ಗೊತ್ತಾಯಿತು. ಹೇಗೆ ಎನ್ನುವುದನ್ನು ಕೃಷ್ಣಪ್ಪನವರು ಆಗಲೇ ಹೇಳಿಕೊಟ್ಟಿದ್ದರು. ನಾನು ಜಗಲಿಗೆ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದೆ:

"ಕೃಷ್ಣಪ್ಪ ಸರ್ ಹೇಳಿದ್ದೇ ಸರಿ. ಕಾನೂನು ಕಾನೂನೇ. ಇದನ್ನ ಈಗಲೇ ಸೋಗಾನೆ ಏರ್‌ಪೋರ್ಟಿಗೆ ತಗೊಂಡು ಹೋಗಿ ತೋರಿಸ್ತೀನಿ. ಅಕ್ರಂ ಹತ್ರ ವ್ಯಾನ್ ಇದೆ."

"ನಿನ್ನೆ ತಾನೇ ಸಮಾರಾಧನೆ ಆಗಿದೆ, ಇವತ್ತೇ ಹೊರಗೆ ಹೋಗೋದಾ?" ಎಂದರು ಶಕುಂತಲಮ್ಮ.

ಅತ್ತೆ ಬೆನ್ನು ನೆಟ್ಟಗೆ ಮಾಡಿದರು. "ಸರ್ಕಾರದ ಕೆಲಸ ಶಕುಂತಲಾ. ನನ್ನ ಮಗನ ವಸ್ತುವನ್ನ ಕಳ್ಳಮಾಲು ಅನ್ನಿಸ್ಬಾರದು. ಹೋಗಿ ಬಾ ಪ್ರಿಯಂವದಾ."

ಎಲ್ಲವೂ ಸಲೀಸಾಗಿತ್ತು, ಕೃಷ್ಣಪ್ಪನವರು ಚಪ್ಪಲಿ ಹಾಕಿಕೊಳ್ಳುವವರೆಗೆ.

"ಹೆಣ್ಣುಮಗಳು ಒಬ್ಬಳೇ ಹೋದ್ರೆ ಅಧಿಕಾರಿಗಳು ಆಟ ಆಡಿಸ್ತಾರೆ. ನಾನಿರ್ತೀನಿ" ಎಂದು ವ್ಯಾನಿನ ಮುಂದಿನ ಸೀಟಿನಲ್ಲಿ ಕುಳಿತರು.

ಹಿಂದಿನ ಸೀಟಿನಲ್ಲಿ ನಾನು ಕುಳಿತೆ. ಸುರುಳಿಯ ಒಂದು ತುದಿ ನನ್ನ ಕಾಲ ಬಳಿ, ಇನ್ನೊಂದು ತುದಿ ಕೃಷ್ಣಪ್ಪನವರ ಕಿವಿಯ ಪಕ್ಕದಿಂದ ಕಿಟಕಿಯಾಚೆಗೆ. ದಾರಿಯುದ್ದಕ್ಕೂ ಅವರು ಹಿಂದೆ ಹಿಡಿದ ಅಡಿಕೆ ಲಾರಿಗಳ ಕಥೆ ಹೇಳಿದರು. ತಿರುವು ಬಂದಾಗಲೆಲ್ಲ ಮಾಲ್ಡೀವ್ಸ್ ಅವರ ಕೆನ್ನೆಗೆ ಬಡಿಯುತ್ತಿತ್ತು.

ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಹೊರಗೆ ಕಾವಲಿಗಿದ್ದ ಯುವತಿ ವ್ಯಾನನ್ನು ತಡೆದಳು.

"ಯಾವ ಫ್ಲೈಟು ಸಾರ್?"

"ಫ್ಲೈಟಲ್ಲಮ್ಮ. ಕಸ್ಟಮ್ಸ್ ಕಚೇರಿ ಎಲ್ಲಿ?"

"ಇಲ್ಲಿ ಹೊರದೇಶದ ವಿಮಾನ ಬರಲ್ಲ ಸಾರ್. ಕಸ್ಟಮ್ಸ್ ಇಲ್ಲ."

"ಏರ್‌ಪೋರ್ಟ್ ಅಂದ್ಮೇಲೆ ಕಸ್ಟಮ್ಸ್ ಇರ್ಲೇಬೇಕು. ನಿನಗೆ ಗೊತ್ತಿಲ್ಲ, ನಿನ್ನ ಮೇಲಿನವರನ್ನ ಕರಿ."

ಅವಳು ಕಿಟಕಿಯಾಚೆಗಿದ್ದ ತುದಿಯನ್ನು ಲಾಠಿಯಿಂದ ಮುಟ್ಟಿದಳು. "ಇದೇನು? ಬಿಚ್ಚಿ ತೋರಿಸಿ."

ಅಕ್ರಂ ಕಣ್ಣು ಮುಚ್ಚಿಕೊಂಡ. ಅವಳು ಆಗಲೇ ಹಗ್ಗಕ್ಕೆ ಕೈ ಹಾಕಿದ್ದಳು. ಬೆಡ್‌ಶೀಟಿನ ಮೂಲೆ ಸರಿಯಿತು. ಒಂದಂಗೈಯಗಲ ಆಕಾಶ ಹೊರಬಂತು.

"ಬಿಚ್ಬಾರ್ದು!" ಕೃಷ್ಣಪ್ಪನವರ ಕೂಗಿಗೆ ಮರದ ಮೇಲಿನ ಕಾಗೆಗಳು ಎದ್ದವು. ಅವರು ಕೆಳಗಿಳಿದು ಸುರುಳಿಗೂ ಅವಳಿಗೂ ನಡುವೆ ನಿಂತರು. "ಅಧಿಕಾರಿ ಇಲ್ದೆ, ಪಂಚರಿಲ್ದೆ, ಮಹಜರಿಲ್ದೆ ಬಿಚ್ಚಿದ್ರೆ ಸಾಕ್ಷ್ಯ ಹಾಳಾಗುತ್ತೆ! ಮೂವತ್ತು ವರ್ಷ ಸರ್ವೀಸ್ ನಂದು. ಯಾರೂ ಮುಟ್ಬೇಡಿ!" ತಾವೇ ಬೆಡ್‌ಶೀಟಿನ ಮೂಲೆಯನ್ನು ಎಳೆದು, ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದರು. ಅಂಥ ಬಿಗಿಯಾದ ಗಂಟನ್ನು ನಾನು ನೋಡಿಲ್ಲ.

ಹಿಂದೆ ಎರಡು ಕಾರುಗಳು ಹಾರನ್ ಹೊಡೆಯತೊಡಗಿದವು. ಯುವತಿ ಒಮ್ಮೆ ಅವರನ್ನು, ಒಮ್ಮೆ ನನ್ನ ಬರಿಹಣೆಯನ್ನು ನೋಡಿದಳು. "ಇಲ್ಲಿ ನಿಲ್ಲಿಸೋ ಹಾಗಿಲ್ಲ. ಗಾಡಿ ಮುಂದಕ್ಕೆ ತಗೊಳ್ಳಿ."

"ನೀವು ಗಾಡಿ ತಗೊಂಡು ಹೋಗಿ" ಎಂದರು ಕೃಷ್ಣಪ್ಪ. "ನಾನು ಇವರ ಮ್ಯಾನೇಜರನ್ನ ನೋಡ್ದೆ ಕದಲೋನಲ್ಲ." ಜೇಬಿನಿಂದ ಪೆನ್ನು ತೆಗೆದು ಒಳಗೆ ನಡೆದರು. ಅಷ್ಟು ಸಂತೋಷವಾಗಿ ಅವರನ್ನು ನಾನು ಕಂಡಿರಲಿಲ್ಲ.

ಅಕ್ರಂ ಗೇರ್ ಹಾಕಿದ. "ಮುಂದಕ್ಕೆ ಅಂದ್ರೆ ಎಷ್ಟು ಮುಂದಕ್ಕೆ ಭಾಭಿ?"

"ಭದ್ರಾವತಿವರೆಗೆ" ಎಂದೆ.

ವಜೀರಾ ಖಾಲಾರ ಸ್ಟುಡಿಯೋ ರೈಲ್ವೆ ಗೇಟಿಗೆ ಹತ್ತಿರ. ನಾವು ಇಳಿಯುವಾಗಲೇ ಒಂದು ಹಡಗು ದೀರ್ಘವಾಗಿ ಕೂಗಿ ಹೋಯಿತು. ಖಾಲಾ ಕನ್ನಡಕವನ್ನು ಹಣೆಗೇರಿಸಿಕೊಂಡು ಬಾಗಿಲಿಗೆ ಬಂದರು. ನನ್ನ ಕೈ ಹಿಡಿದುಕೊಂಡರು. ಆಮೇಲೆ, "ಚಹಾ ಕುಡಿ ಬೇಟಿ, ಸಕ್ಕರೆ ಜಾಸ್ತಿ ಹಾಕ್ತೀನಿ" ಎಂದರು.

ಸುರುಳಿಯನ್ನು ನಾವಿಬ್ಬರು ಎತ್ತಿಕೊಂಡು ಒಳಗೆ ಹೋಗುತ್ತಿದ್ದಾಗ ನನ್ನ ಫೋನ್ ಬಡಿದುಕೊಂಡಿತು. ಕೃಷ್ಣಪ್ಪನವರು.

"ಎಲ್ಲಿದ್ದೀರಮ್ಮ? ಮ್ಯಾನೇಜರ್ ಕೈಲಿ ಬರೆಸ್ಕೊಂಡಿದ್ದೀನಿ, ಕಸ್ಟಮ್ಸ್ ಇಲ್ಲ ಅಂತ! ಇನ್ನು ಮಂಗಳೂರಿಗೆ ಹೋಗೋಣ. ವಸ್ತು ಎಲ್ಲಿ?"

"ಸಂಬಂಧಪಟ್ಟವರಿಗೆ ಒಪ್ಪಿಸ್ತಾ ಇದ್ದೀನಿ ಸರ್."

"ಸಿಕ್ಕಿದ್ರಾ? ಯಾರು? ಹೆಸರೇನು?"

"ಹೆಸರು ಹೇಳೋ ಹಾಗಿಲ್ಲ ಸರ್."

"ರಸೀದಿ?"

"ಕೊಡಲ್ಲ."

ಅವರ ದನಿ ತಗ್ಗಿತು. "ಹಂಗಾದ್ರೆ ದಿಲ್ಲಿಯವರೇ. ಬಹಳ ಬೆಲೆಬಾಳೋ ವಸ್ತು ಇತ್ತಮ್ಮ ಅದು. ವೇದಾವತಮ್ಮಂಗೆ ನಾನೇ ಹೇಳ್ತೀನಿ, ನೀವು ಚಿಂತೆ ಮಾಡ್ಬೇಡಿ."

ಕೆಲವೇ ನಿಮಿಷಗಳಲ್ಲಿ ಅತ್ತೆಯ ಫೋನ್ ಬಂತು. ಹಿಂದೆ ಇಡೀ ಬೀದಿಯ ಗದ್ದಲ. "ಸರ್ಕಾರದವರೇ ಇಟ್ಕೊಂಡ್ರಂತೆ ಹೌದೇನೇ? ನಾಗೇಶ ಫ್ಲೆಕ್ಸ್ ಬದಲಾಯಿಸ್ತಿದ್ದಾನೆ. ನಾನಾಗ್ಲೇ ಅಂದಿದ್ದೆ, ಅದು ಸಾಮಾನ್ಯ ಜಮಖಾನ ಅಲ್ಲ ಅಂತ." ಅವರ ದನಿಯಲ್ಲಿ ನಷ್ಟ ಎಳ್ಳಷ್ಟೂ ಇರಲಿಲ್ಲ. "ಹೋಗ್ಲಿ ಬಿಡು. ಊಟದ ಹೊತ್ತಿಗೆ ಬಾ. ಹುಳಿ ಮಾಡಿಟ್ಟಿರ್ತೀನಿ."

ಅವರು ಅಡುಗೆಮನೆಗೆ ಹೋಗುವ ಮಾತಾಡಿದ್ದು ಅಷ್ಟು ದಿನಗಳಲ್ಲಿ ಅದೇ ಮೊದಲು.

ಕೃಷ್ಣಪ್ಪನವರ ಗಂಟನ್ನು ಬಿಚ್ಚಲಾಗದೆ ಖಾಲಾ ಅದನ್ನು ಕತ್ತರಿಯಲ್ಲಿ ಕತ್ತರಿಸಿದರು. ಪರದೆಯನ್ನು ಗೋಡೆಯ ಮೊಳೆಗೆ ಏರಿಸಿ ಬಿಟ್ಟಾಗ ಸಮುದ್ರ ಮೇಲಿನಿಂದ ಕೆಳಕ್ಕೆ ಇಳಿಯಿತು. ಕೆಳಗಿನ ಅಂಚು ಸಿಮೆಂಟ್ ನೆಲಕ್ಕೆ ಮುಟ್ಟುವಲ್ಲಿ, ಸಾವಿರಾರು ಕಾಲು ತಾಗಿ, ಮರಳಿನ ಬಣ್ಣ ಕಿತ್ತುಹೋಗಿತ್ತು. ದೋಣಿಗೆ ಹುಟ್ಟು ಬರೆಯುವುದನ್ನು ಕಲಾವಿದ ಮರೆತಿದ್ದ. ಎಲ್ಲೂ ಹರಿದಿರಲಿಲ್ಲ. ಖಾಲಾ ಎರಡೂ ಮೂಲೆಗಳನ್ನು ನೋಡಿ ತೃಪ್ತಿಯಿಂದ ತಲೆಯಾಡಿಸಿದರು.

"ಯಾಕೆ ಬೇಕು ಇದು ನಿನಗೆ ಅಂತ ಕೇಳ್ದೆ ಅವನ್ನ" ಎಂದರು. "'ಖಾಲಾ, ಊರಿಗೆಲ್ಲ ಫೋಟೋ ಸಾಕು. ಮನೆಯವಳಿಗೆ ಮಾತ್ರ ನಿಜ ಹೇಳ್ಬೇಕು. ಬಾಯಲ್ಲಿ ಬರ್ತಿಲ್ಲ. ಇದನ್ನ ತಗೊಂಡು ಹೋಗಿ ಅವಳ ಮುಂದೆ ಬಿಚ್ಚಿ ಸುಮ್ನೆ ನಿಂತುಬಿಡ್ತೀನಿ, ಉಳಿದದ್ದು ಅವಳಿಗೇ ಅರ್ಥ ಆಗುತ್ತೆ' ಅಂದ. ತೋರಿಸಿದ್ನಾ ಬೇಟಿ?"

ಅಕ್ರಂ ಬೀದಿಯ ಕಡೆಗೆ ತಿರುಗಿದ.

"ತೋರಿಸಿದ್ರು" ಎಂದೆ. "ಆಕಾಶದಲ್ಲಿ ನೆರಳು ಬಿದ್ದಿದೆ ಅಂತ ನಾನು ಹೇಳ್ದೆ."

ಖಾಲಾ ಜೋರಾಗಿ ನಕ್ಕರು. "ಹೇಳಿದ್ಯಾ? ನಾನೂ ಬಡ್ಕೊಂಡೆ, ಪರದೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಾ ಅಂತ. ಮುಂದೆ ಬಂದ್ರೆ ಕಾಲು ಸಿಮೆಂಟ್ ಮೇಲೆ ಕಾಣುತ್ತೆ ಅಂದ, ನಮ್ಮ ಮನೆಯವಳು ಎಲ್ಲ ಗಮನಿಸ್ತಾಳೆ ಅಂದ!"

ಮತ್ತೆ ಸುತ್ತಿ ಕೊಡಲೇ ಎಂದೆ. ಬೇಡ, ಇರಲಿ, ಮಧ್ಯಾಹ್ನ ಯಾರೋ ನಾಮಕರಣದ ಫೋಟೋಗೆ ಬರುತ್ತಾರೆ ಎಂದರು. ಪರದೆಯ ಕೆಳಗಿನ ಕೋಲನ್ನು ಅವರ ಕೈಗೆ ಕೊಟ್ಟೆ. ಸುತ್ತಿದ್ದ ಬೆಡ್‌ಶೀಟ್ ಮಾತ್ರ ನಮ್ಮದು. ಅದನ್ನು ಕೊಡವಿ, ಮಡಚಿ, ಹಿಡಿದುಕೊಂಡು ಹೊರಗೆ ಬಂದೆ.